ಕುವೆಂಪು ಬಾಲ್ಯ ಯಾವ ದಶಕದ್ದು?

ರಾಷ್ಟ್ರಕವಿ ಕುವೆಂಪು ಜನಿಸಿದ್ದು 1904ರ ಡಿಸೆಂಬರ್ 29ರಂದು, ತಾಯಿ ಸೀತಮ್ಮನವರ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಜನ್ಮವರ್ಷವನ್ನಷ್ಟೇ ಆಧಾರವಾಗಿಟ್ಟುಕೊಂಡರೆ ಅವರ ಬಾಲ್ಯವನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕಕ್ಕೆ ಸೇರಿಸಬೇಕಾಗುತ್ತದೆ. ಆದರೆ ವರ್ಷ ಮುಗಿಯಲು ಎರಡೇ ದಿನ ಉಳಿದಿದ್ದಾಗ ಹುಟ್ಟಿದ ಆ ಮಗುವಿಗೆ 1910ನೇ ಇಸವಿ ಕಾಲಿಟ್ಟಾಗ ಐದು ವರ್ಷ ತುಂಬಿತ್ತಷ್ಟೆ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ದೊಡ್ಡ ಮನೆಯಲ್ಲಿ ಪುಟ್ಟಪ್ಪ ಬೆಳೆದರು. ಮಕ್ಕಳಿಗೆ ಪಾಠ ಹೇಳಲು ದಕ್ಷಿಣ ಕನ್ನಡದಿಂದ ಉಪಾಧ್ಯಾಯರನ್ನು ಕರೆಸಿ ಮನೆಯಲ್ಲೇ ಇರಿಸಿಕೊಳ್ಳಲಾಗಿತ್ತು. ಬಳಿಕ ತೀರ್ಥಹಳ್ಳಿಯ ಶಾಲೆ. ಸುಮಾರು ಹನ್ನೆರಡನೆಯ ವಯಸ್ಸಿನಲ್ಲಿ ತಂದೆ ವೆಂಕಟಪ್ಪಗೌಡರ ಸಾವು. ದೂರದ ಯೂರೋಪಿನಲ್ಲಿ ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲವದು. ಮುಂದೆ ಅವರು ಪ್ರೌಢಶಾಲೆಯ ಓದಿಗಾಗಿ ಮೈಸೂರು ಸೇರಿದರು. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವಿತೆಗಳ ಸಂಕಲನ ಹೊರಬಂದಾಗ ಅವರಿಗೆ ಹದಿನೇಳು ವರ್ಷ. ಬಾಲ್ಯ ಅದಾಗಲೇ ಮುಗಿದಿತ್ತು.

ಹೀಗಾಗಿ, ಹುಟ್ಟು ಮೊದಲ ದಶಕದ್ದಾದರೂ ನೆನಪಿನಲ್ಲಿ ಉಳಿಯುವ ಬಾಲ್ಯ ಎರಡನೆಯ ದಶಕದ್ದು ಎನ್ನಬೇಕಾಗುತ್ತದೆ. ಜನ್ಮವರ್ಷಕ್ಕೆ ಕಟ್ಟುಬಿದ್ದರೆ ತಂದೆಯನ್ನು ಕಳೆದುಕೊಂಡ ಹುಡುಗನ ದುಃಖವೇ ಲೆಕ್ಕದಿಂದ ಹೊರಗುಳಿಯುತ್ತದೆ.

ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲೂ ಇದೆ. 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. 1893ರ ಷಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು ಮಾಡಿದ ಭಾಷಣದ ಪ್ರಸ್ತಾಪವೂ ಅದರಲ್ಲಿದೆ. ಲೇಖಕರು ಆಗಿನ್ನೂ ಹುಟ್ಟಿರಲಿಲ್ಲ. ಆದರೆ ಬಾಲಕ ಪುಟ್ಟಪ್ಪನ ಸುತ್ತಲಿದ್ದ ಹಿರಿಯರು ಆ ಕಾಲದಲ್ಲಿಯೇ ಬಾಳಿದವರು. ಕುಪ್ಪಳಿಯಂತಹ ಮಲೆನಾಡಿನ ಮನೆಗಳಲ್ಲಿ ಕ್ಯಾಲೆಂಡರ್ ಬದಲಾದ ಮಾತ್ರಕ್ಕೆ ಬದುಕಿನ ರೀತಿ ಬದಲಾಗುತ್ತಿರಲಿಲ್ಲ. ಹಾಗಾಗಿ 1910ರ ದಶಕದ ಆ ಬಾಲ್ಯದೊಳಗೆ ಅದಕ್ಕೂ ಹಿಂದಿನ ದಶಕಗಳು ಸೇರಿಕೊಂಡಿದ್ದವು.

ಕುವೆಂಪು ತಮ್ಮ ಬದುಕಿನ ಕಥೆಯನ್ನು ‘ನೆನಪಿನ ದೋಣಿಯಲ್ಲಿ’ ಕೃತಿಯಲ್ಲಿ ದಾಖಲಿಸಿದರು. 1994ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ನಿಧನರಾದರು. ಅವರ ಸಮಾಧಿ ಇರುವುದು ಮೈಸೂರಿನಲ್ಲಲ್ಲ. ಬಾಲ್ಯ ಕಳೆದ ಕುಪ್ಪಳಿಯ ಮನೆಯ ಹಿಂದಿನ ಗುಡ್ಡದ ಮೇಲೆ, ಕವಿಶೈಲದಲ್ಲಿ.