ಲೆಕ್ಕದ ಕಚೇರಿ ಮುಗಿದ ಮೇಲೆ

ಪುಣೆಯಲ್ಲಿ ನಾನು ಆಫೀಸಿಗೆ ಹೋಗುವ ದಾರಿಯಲ್ಲಿ ಪಾಷಾಣದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಸಿಗುತ್ತದೆ. ಎಂ.ಟೆಕ್‌ನಲ್ಲಿ ನಾನು ಓದಿದ್ದು ಮೆಟೀರಿಯಲ್ಸ್ ಸೈನ್ಸ್. ಸಾವಯವ, ನಿರವಯವ ಎರಡೂ ಸೇರಿ ಆದ ಹೈಬ್ರಿಡ್ ಹರಳುಗಳು ಬಿಸಿಗೆ ಹೇಗೆ ರೂಪ ಬದಲಿಸುತ್ತವೆ ಎಂಬುದು ನನ್ನ ಪ್ರಾಜೆಕ್ಟ್. ಮನೆಯ ಸಾಲ ಇತ್ತು, ಸಾಫ್ಟ್‌ವೇರ್‌ಗೆ ಬಂದೆ. ಹತ್ತು ವರ್ಷವಾಯಿತು. ಆ ಗೇಟು ದಾಟುವಾಗೆಲ್ಲ ಸರ್ ಸಿ.ವಿ. ರಾಮನ್ ನೆನಪಾಗುತ್ತಾರೆ.

1888ರಲ್ಲಿ ತಿರುಚಿನಾಪಳ್ಳಿಯಲ್ಲಿ ಹುಟ್ಟಿದ ರಾಮನ್ ಮೊದಲು ಸೇರಿದ್ದು ಲೆಕ್ಕದ ಇಲಾಖೆಗೆ. 1907ರಲ್ಲಿ, 18ರ ಹರೆಯದಲ್ಲಿ, ಕಲ್ಕತ್ತೆಯಲ್ಲಿ ಸರ್ಕಾರಿ ಅಧಿಕಾರಿಯಾದರು. ಕಚೇರಿಗೆ ಮುಂಚೆ ಮತ್ತು ಕಚೇರಿ ಮುಗಿದ ಮೇಲೆ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಾಲಯದಲ್ಲಿ ಕೂರುತ್ತಿದ್ದರು. ವೀಣೆ, ತಂಬೂರಿ, ಪಿಟೀಲಿನ ತಂತಿಗಳು ಹೇಗೆ ಕಂಪಿಸುತ್ತವೆ ಎಂದು ಅಳೆದರು. ಹೀಗೇ ಹತ್ತು ವರ್ಷ. 1917ರಲ್ಲಿ ಹೆಚ್ಚು ಸಂಬಳದ ಆ ಹುದ್ದೆ ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1928ರ ರಾಮನ್ ಪರಿಣಾಮ, 1930ರ ನೊಬೆಲ್ ನಮಗೆಲ್ಲ ಪಠ್ಯದಲ್ಲೇ ಗೊತ್ತು.

ನನಗೆ ಹತ್ತಿರವಾದದ್ದು ಅದರ ನಂತರದ ಕಥೆ. 1933ರಲ್ಲಿ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ನಿರ್ದೇಶಕರಾಗಿ ಬಂದರು. ಜಗಳಗಳಾಗಿ 1937ರಲ್ಲಿ ಆ ಸ್ಥಾನ ಹೋಯಿತು, ಪ್ರಾಧ್ಯಾಪಕರಾಗಿ ಉಳಿದರು. 1940ರಲ್ಲಿ ಶಿಷ್ಯ ನೆಡುಂಗಾಡಿ ಜೊತೆ ಬೆಣಚು ಹರಳನ್ನು ಕಾಯಿಸಿ ಅದರ ಮೇಲೆ ಬೆಳಕು ಬಿಟ್ಟು ನೋಡಿದರು. ಬೆಣಚು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗದೆಯೇ ಒಳಗಿನ ಜೋಡಣೆ ಬದಲಿಸಿಕೊಳ್ಳುತ್ತದೆ. ಹರಳಿನ ಪರಮಾಣುಗಳ ಹಲವು ಬಗೆಯ ಕಂಪನಗಳು ಚದುರಿದ ಬೆಳಕಿನಲ್ಲಿ ಒಂದೊಂದು ಗೆರೆಯಾಗಿ ಕಾಣುತ್ತವೆ. ಶಾಖ ಏರಿದಂತೆ ಒಂದು ಗೆರೆ ಮಾತ್ರ ಅಗಲವಾಗಿ ಮಸುಕಾಗುತ್ತ ಕೆಳಗಿನ ಕಂಪನಾಂಕದತ್ತ ಜಾರಿತು, ಬಿರಟೆ ಸಡಿಲಿಸಿದ ತಂತಿಯ ಶ್ರುತಿ ಇಳಿದ ಹಾಗೆ. ಹರಳಿನ ರೂಪಾಂತರಕ್ಕೂ ಈ ಕಂಪನಕ್ಕೂ ಸಂಬಂಧವಿದೆ ಎಂದು ಅವರು ಗುರುತಿಸಿದರು. ಇಂಥ ಸಡಿಲವಾಗುವ ಕಂಪನದ ಪೂರ್ಣ ಸಿದ್ಧಾಂತ ಬಂದದ್ದು ಸುಮಾರು 20 ವರ್ಷದ ಮೇಲೆ, ಕಾಕ್ರನ್ ಮತ್ತು ಆಂಡರ್ಸನ್ ಅವರಿಂದ.

ಇವತ್ತು ಹೊಸ ಸೌರಕೋಶಗಳಿಗೆಂದು ಪರೀಕ್ಷಿಸುತ್ತಿರುವ ಮೀಥೈಲ್ ಅಮೋನಿಯಂ ಸೀಸದ ಅಯೊಡೈಡ್ ಕೂಡ ಹೈಬ್ರಿಡ್ ಹರಳೇ. ಸುಮಾರು 55 ಡಿಗ್ರಿಯಲ್ಲಿ ಅದರ ಜೋಡಣೆ ಬದಲಾಗುತ್ತದೆ. ನಮ್ಮ ರಾಯಚೂರಿನ ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಫಲಕ ಅಷ್ಟು ಕಾಯುವುದು ದೊಡ್ಡ ಮಾತಲ್ಲ. ಹಾಗಾಗಿ ಈ ಬದಲಾವಣೆಯನ್ನು ತಿಳಿಯಲೇಬೇಕು. ತಿಳಿಯುವ ಸಾಧನಗಳಲ್ಲಿ ಒಂದು, ರಾಮನ್ ಹೆಸರಿನ ಅದೇ ಗೆರೆಗಳು. ಎಂ.ಟೆಕ್‌ನಲ್ಲಿ ನಾನು ರಾತ್ರಿಯೆಲ್ಲ ಕಾದು ತೆಗೆದದ್ದೂ ಅವನ್ನೇ.

1948ರಲ್ಲಿ ಸಂಸ್ಥೆಯಿಂದ ನಿವೃತ್ತರಾದ ರಾಮನ್, ಮೈಸೂರು ಮಹಾರಾಜರು ಕೊಟ್ಟಿದ್ದ ಜಾಗದಲ್ಲಿ ತಮ್ಮದೇ ಸಂಶೋಧನಾಲಯ ನಡೆಸಿದರು. ಹೊರಗಿನಿಂದ ಬಂದವರು 37 ವರ್ಷ ಬೆಂಗಳೂರಿನಲ್ಲೇ ಇದ್ದು, 1970ರ ನವೆಂಬರ್ 21ರಂದು ತೀರಿಕೊಂಡರು. ಸಂಶೋಧನಾಲಯದ ತೋಟದಲ್ಲೇ ಅವರ ಅಂತ್ಯಕ್ರಿಯೆ ನಡೆಯಿತು. ಸಮಾಧಿ ಕಟ್ಟಲಿಲ್ಲ, ಅಲ್ಲೊಂದು ಮರವಿದೆ.

ನಾನು ರಾಮನ್ ಅಲ್ಲ, ಸಾಲವೂ ಪೂರ್ತಿ ತೀರಿಲ್ಲ. ಆದರೂ ಕಳೆದ ತಿಂಗಳು ಹಳೆಯ ಹಾರ್ಡ್ ಡಿಸ್ಕ್ ಹುಡುಕಿ ಆ ಗೆರೆಗಳ ಫೈಲು ತೆರೆದೆ. ಈಗ ವಾರದಲ್ಲಿ ಎರಡು ಸಂಜೆ, ಲಾಗ್ ಔಟ್ ಆದ ಮೇಲೆ, ಅವನ್ನು ನೋಡುತ್ತ ಕೂರುತ್ತೇನೆ.