ಬೂಟುಮಸಿಯ ಕಾರ್ಖಾನೆಯ ಬಾಲಕ

ಆಂಗ್ಲ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನ ಹೆಸರನ್ನು ಕೇಳದ ವಾಚಕರು ವಿರಳ. ಆತನ ಬರಹಕ್ಕೆ ಮೂಲವಾದ ನೋವನ್ನು ಬಲ್ಲವರು ಬಹುಮಂದಿ ಇರಲಾರರೆಂದು ಈ ಚರಿತ್ರವನ್ನು ಇಲ್ಲಿ ನಿವೇದಿಸುತ್ತಿರುವೆವು.

ಡಿಕನ್ಸನು ೧೮೧೨ನೆಯ ಇಸವಿ ಫೆಬ್ರವರಿ ೭ರಂದು ಪೋರ್ಟ್ಸ್‌ಮತ್ ನಗರದಲ್ಲಿ ಜನಿಸಿದನು. ತಂದೆಯು ನೌಕಾಪಡೆಯ ವೇತನ ಕಚೇರಿಯಲ್ಲಿ ಗುಮಾಸ್ತ. ಕೈ ಮಾತ್ರ ಬಲು ಧಾರಾಳ. ೧೮೨೪ರಲ್ಲಿ ಆತನು ಸಾಲಕ್ಕಾಗಿ ಲಂಡನ್ನಿನ ಮಾರ್ಷಲ್ಸೀ ಸೆರೆಮನೆಯನ್ನು ಸೇರಿದನು. ಆ ದಿನಗಳಲ್ಲೇ ಹನ್ನೆರಡರ ಮಗನು ಥೇಮ್ಸ್ ತೀರದ ಬೂಟುಮಸಿಯ ಕಾರ್ಖಾನೆಯಲ್ಲಿ, ವಾರಕ್ಕೆ ೬ ಶಿಲ್ಲಿಂಗಿಗೆ, ದಿನವೂ ೧೦ ಗಂಟೆ ಭರಣಿಗಳಿಗೆ ಚೀಟಿ ಅಂಟಿಸುತ್ತಿದ್ದನು. ತಂದೆಯು ಬಿಡುಗಡೆ ಹೊಂದಿದ ಮೇಲೂ ಮಗನು ದುಡಿಯುತ್ತಲೇ ಇರಲೆಂದು ತಾಯಿಯು ಬಯಸಿದಳು. ತಂದೆಯು ಅವನನ್ನು ಮರಳಿ ಶಾಲೆಗೆ ಕಳುಹಿಸಿದನು. ಈ ಅವಮಾನವನ್ನು ಡಿಕನ್ಸನು ತನ್ನ ಮಕ್ಕಳಿಗೂ ಹೇಳಲಿಲ್ಲ. ಮಿತ್ರ ಜಾನ್ ಫಾರ್ಸ್ಟರನು ಬರೆದ ಜೀವನಚರಿತ್ರೆಯಿಂದಲೇ, ಆತನ ಮರಣಾನಂತರ, ಲೋಕವು ಇದನ್ನರಿಯಿತು.

ಬಾಯಿಂದ ಹೇಳಲಾರದುದನ್ನು ಆತನು ಕಥೆಯಾಗಿಸಿದನು. ೧೮೩೭ರಿಂದ ಪ್ರಕಟವಾದ ‘ಆಲಿವರ್ ಟ್ವಿಸ್ಟ್’ ಕಾದಂಬರಿಯಲ್ಲಿ ಅನಾಥ ಬಾಲಕನೊಬ್ಬನು ಇನ್ನಷ್ಟು ಗಂಜಿಯನ್ನು ಬೇಡುವನು. ಹೊಟ್ಟೆ ತುಂಬಿದವರ ಮನಸ್ಸನ್ನು ಆ ಬೇಡಿಕೆ ಕಲಕಿತು. ದುಡಿಯುವ ಮಕ್ಕಳ ಕುರಿತಾದ ಸರಕಾರೀ ವರದಿಯನ್ನು ೧೮೪೩ರಲ್ಲಿ ಕಂಡು ಡಿಕನ್ಸನು ಒಂದು ಕರಪತ್ರವನ್ನು ಬರೆಯಹೊರಟನು. ಆದರೆ ಕಥೆಯ ಪೆಟ್ಟೇ ಬಲವಾದುದೆಂದು ಬಗೆದು, ಅದೇ ವರ್ಷದ ಡಿಸೆಂಬರಿನಲ್ಲಿ ‘ಎ ಕ್ರಿಸ್‌ಮಸ್ ಕ್ಯಾರಲ್’ ಕೃತಿಯನ್ನು ಹೊರತಂದನು.

ಆತನು ಕಣ್ಣೀರು ತರಿಸಿ ಕೈತೊಳೆದುಕೊಂಡವನಲ್ಲ. ೧೮೫೨ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಬೀದಿಯಲ್ಲಿ ಕೇವಲ ೧೦ ಹಾಸಿಗೆಗಳಿಂದ ತೆರೆದ ಮಕ್ಕಳ ಆಸ್ಪತ್ರೆಯು ೧೮೫೮ರಲ್ಲಿ ಹಣವಿಲ್ಲದೆ ಕಂಗೆಟ್ಟಿದ್ದಾಗ, ಅದಕ್ಕಾಗಿ ಭಾಷಣ ಮಾಡಿದನು. ತನ್ನ ಕಥೆಯನ್ನು ಸಭೆಯಲ್ಲಿ ಓದಿ ಹಣ ಕೂಡಿಸಿಕೊಟ್ಟನು. ಆಸ್ಪತ್ರೆ ಉಳಿಯಿತು, ಬೆಳೆಯಿತು. ೧೮೭೦ರ ಜೂನ್ ೯ರಂದು ಡಿಕನ್ಸನು ತೀರಿಕೊಂಡನು. ೧೯೪೮ರಲ್ಲಿ ಡೇವಿಡ್ ಲೀನ್ ನಿರ್ದೇಶಿಸಿದ ಚಲನಚಿತ್ರವು ಆಲಿವರನ ಗಂಜಿಯ ಬಟ್ಟಲನ್ನು ಓದುಬಾರದವರ ಕಣ್ಣೆದುರಿಗೂ ತಂದಿತು.

ಮುಂಬಯಿಯ ನಮ್ಮವರ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದವರು ಅನೇಕರಿರುವರು. ಹಾಗೆ ಮೇಲೆ ಬರಲಾರದೆ ಹೋದವರ ಚರಿತ್ರೆಯನ್ನು ಬರೆದವರಾರು? ಹದಿನಾಲ್ಕಕ್ಕೆ ಕೆಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು ೨೦೦೬ರಿಂದ ಕಾಯಿದೆ ನಿಷೇಧಿಸಿದೆ. ಆದರೂ ಅಡುಗೆಮನೆಯ ಹಿಂಬದಿಗೆ ಕಾಯಿದೆಯ ಕಣ್ಣು ಸದಾ ತಲಪದು. ಅಲ್ಲೊಬ್ಬ ಬಾಲಕನನ್ನು ಕಂಡರೆ, ಆತನ ಹೆಸರನ್ನೂ ಶಾಲೆಯನ್ನೂ ವಿಚಾರಿಸಬೇಕೆಂದು ವಾಚಕ ಮಹಾಶಯರಲ್ಲಿ ನಮ್ಮ ವಿನಂತಿ.