ಫ. ಗು. ಹಳಕಟ್ಟಿ

ಕೃಷ್ಣೆ, ಘಟಪ್ರಭೆಗಳ ನಡುವಣ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆ ಇಂದು ಕಬ್ಬಿನ ಹಸುರಿನಿಂದ ಕಂಗೊಳಿಸುತ್ತಿದೆ. ನೂರು ವರ್ಷಗಳ ಹಿಂದೆ ಅದರ ಸ್ಥಿತಿ ಬೇರೆಯಾಗಿತ್ತು. ಜಮಖಂಡಿ, ಮುಧೋಳಗಳು ಚಿಕ್ಕ ಸಂಸ್ಥಾನಗಳಾಗಿದ್ದವು. ಅಲ್ಲಿನ ದರಬಾರಿನ ಭಾಷೆ ಮರಾಠಿ. ನೆರೆಯ ವಿಜಾಪುರ ಜಿಲ್ಲೆ ಮುಂಬಯಿ ಸರಕಾರದ ಆಡಳಿತಕ್ಕೆ ಒಳಪಟ್ಟಿತ್ತು. ಮೇಲಿಂದ ಮೇಲೆ ಬರಗಾಲಕ್ಕೆ ತುತ್ತಾಗುತ್ತಿದ್ದ ಆ ನಾಡಿನಲ್ಲಿ ಒಕ್ಕಲಿಗನ ಮಗ ನೇಗಿಲಿಗೆ, ನೇಕಾರನ ಮಗ ಮಗ್ಗಕ್ಕೆ ಎಂಬುದು ಕೇಳದೆಯೇ ನಡೆದುಬಂದ ಕಟ್ಟಳೆಯಾಗಿತ್ತು. ಶಾಲೆ ದೂರ, ಪಟ್ಟಣದಲ್ಲಿ ಊಟ ವಸತಿಗಳ ವೆಚ್ಚ ಅದಕ್ಕಿಂತಲೂ ದೂರ.

ಈ ನಾಡಿಗೆ ವಕೀಲಿ ವೃತ್ತಿಯನ್ನರಸಿ ಬಂದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕ ಅಜ್ಜಿಯ ಆರೈಕೆಯಲ್ಲಿ ಬೆಳೆದನು. ಮುಂದೆ ಮುಂಬಯಿಯಲ್ಲಿ ಓದುವಾಗ ಗುಜರಾತಿಗಳೂ ಮರಾಠಿಗರೂ ತಮ್ಮ ನುಡಿಯ ಬಗೆಗೆ ತೋರುತ್ತಿದ್ದ ಅಭಿಮಾನವು ಆ ತರುಣನ ಮನಸ್ಸನ್ನು ತಟ್ಟಿತು. 1904ರಲ್ಲಿ ಕಾನೂನು ಪದವಿ ಪಡೆದು, ಕೆಲಕಾಲ ಬೆಳಗಾವಿಯಲ್ಲಿದ್ದು, ಅನಂತರ ಅವರು ವಿಜಾಪುರದಲ್ಲಿ ನೆಲೆಸಿದರು.

ಆ ಅವಧಿಯಲ್ಲೇ ಅವರ ಬಾಳನ್ನು ತಿರುಗಿಸಿದ ಪ್ರಸಂಗವೊಂದು ಬನಹಟ್ಟಿಯಲ್ಲಿ ಒದಗಿತು. ಅಲ್ಲಿಯ ಶಿವಲಿಂಗಪ್ಪ ಮಂಚಾಲೆ ಎಂಬವರ ಮನೆಯಲ್ಲಿ ತಾಡೋಲೆಯ ಕಟ್ಟುಗಳನ್ನು ಅವರು ಕಂಡರು. ಅವುಗಳಲ್ಲಿ ಹನ್ನೆರಡನೆಯ ಶತಮಾನದ ಶರಣರ ವಚನಗಳಿದ್ದವು. ಅಂದಿನ ದಿನಗಳಲ್ಲಿ ಇಂಥ ಓಲೆಗಳನ್ನು ಮನೆಮನೆಗಳಲ್ಲಿ ವಿಭೂತಿ ಹಚ್ಚಿ ಪೂಜಿಸುತ್ತಿದ್ದರೇ ಹೊರತು ಬಿಚ್ಚಿ ಓದುತ್ತಿದ್ದವರು ವಿರಳ. ಅಂಬಿಗ, ಮಡಿವಾಳ, ಮಾದಾರ ಮೊದಲಾದ ಕಾಯಕದವರು ಎಲ್ಲರಿಗೂ ತಿಳಿಯಲೆಂದು ಆಡಿದ ಮಾತು ಜಗುಲಿಯ ಮೇಲೆ ಬಟ್ಟೆಯಲ್ಲಿ ಸುತ್ತಿ ಕುಳಿತಿತ್ತು! ಅದನ್ನು ಹೊರತರುವುದೇ ಹಳಕಟ್ಟಿಯವರ ಬಾಳಿನ ಗುರಿಯಾಯಿತು.

ಆದರೆ ಹೊರತಂದರೆ ಓದುವವರು ಯಾರು? ಅವರ ಹೆಸರನ್ನು ನಾವು ವಚನಗಳೊಡನೆಯೇ ನೆನೆಯುತ್ತೇವೆ. ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ. ಅದಕ್ಕೆ ಹದಿಮೂರು ವರ್ಷ ಮೊದಲೇ, 1910ರಲ್ಲಿ, ಅವರು ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಎಂದು ಹೆಸರಾದ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದ್ದರೆಂಬುದು ಅನೇಕರಿಗೆ ತಿಳಿಯದು. ಓದುಗನನ್ನು ಸಿದ್ಧಗೊಳಿಸಿದ ಮೇಲೆ ಅವನ ಕೈಗೆ ಗ್ರಂಥವನ್ನಿತ್ತಂತೆ ನನಗೆ ತೋರುತ್ತದೆ.

ಅದು ಹಲವರು ಕೂಡಿ ನಾಡನ್ನು ಕಟ್ಟುತ್ತಿದ್ದ ಕಾಲ. ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳಿಗಾಗಿ ಬರೆದಿಟ್ಟು 1906ರಲ್ಲಿ ತೀರಿಕೊಂಡಿದ್ದರು. ಅದೇ ವರ್ಷ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. 1916ರಲ್ಲಿ ಬೆಳಗಾವಿಯ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಗೆ ಅಡಿಗಲ್ಲಿಟ್ಟರು. ಶ್ರೀಮಂತನ ಹಣ, ಒಕ್ಕಲಿಗನ ಜೋಳ, ಮಠದ ಅನ್ನ, ಶಿಕ್ಷಕನ ದುಡಿಮೆ ಇವೆಲ್ಲ ಸೇರಿದಲ್ಲದೆ ಬಡ ಹುಡುಗನು ಶಾಲೆಯ ಮೆಟ್ಟಿಲೇರುವಂತಿರಲಿಲ್ಲ. ಇವುಗಳಲ್ಲಿ ಹಲವು ಸಂಸ್ಥೆಗಳು ಒಂದು ಸಮಾಜದ ಹೆಸರಿನಲ್ಲಿ ಆರಂಭವಾದುದು ನಿಜ. ಕಾಲಕ್ರಮದಲ್ಲಿ ಎಲ್ಲ ಜಾತಿಮತಗಳ ಮಕ್ಕಳೂ ಅವುಗಳಲ್ಲಿ ಕಲಿತರೆಂಬುದೂ ಅಷ್ಟೇ ನಿಜ. ವಿದ್ಯೆಯೊಡನೆ ಹೊಟ್ಟೆಪಾಡಿನ ಪ್ರಶ್ನೆಯನ್ನೂ ಬಲ್ಲ ಹಳಕಟ್ಟಿಯವರು 1912ರಲ್ಲಿ ವಿಜಾಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಕಾರಣರಾದರು.

ಅವರು ಸರಕಾರಿ ವಕೀಲರಾಗಿದ್ದರು. ಮನಸ್ಸು ಮಾಡಿದ್ದರೆ ಸಿರಿವಂತರಾಗಬಹುದಿತ್ತು. ಗಳಿಸಿದ್ದೆಲ್ಲ ತಾಡೋಲೆಗಳ ಸಂಗ್ರಹಕ್ಕೂ ಮುದ್ರಣಕ್ಕೂ ಹೋಯಿತು. ವಚನಗಳನ್ನು ಅಚ್ಚುಹಾಕಲೆಂದೇ ಸ್ವಂತ ಮನೆಯನ್ನು ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ತಾವು ಬಾಡಿಗೆಯ ಮನೆಯಲ್ಲಿ ಉಳಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ ಮರುವರ್ಷ ನವಕರ್ನಾಟಕ ವಾರಪತ್ರಿಕೆಯನ್ನೂ ಹೊರಡಿಸಿದರು. ಹರಿದ ಕೋಟಿಗೆ ತೇಪೆ ಹಾಕಿಕೊಂಡು ಓಡಾಡುತ್ತಿದ್ದ ಈ ವಕೀಲರನ್ನು ಕಂಡು ಮರುಗಿದವರಿದ್ದರು. ಆ ಬಡತನದಲ್ಲಿ ಪಾಲುಗೊಂಡ ಪತ್ನಿ ಭಾಗೀರಥಿಬಾಯಿಯವರನ್ನು ನೆನೆದವರು ಕಡಿಮೆ. ಹಳಕಟ್ಟಿಯವರಿಗಿಂತ ಮೊದಲು ಐವತ್ತರಷ್ಟು ವಚನಕಾರರ ಹೆಸರುಗಳು ಮಾತ್ರ ತಿಳಿದಿದ್ದವು. ಅವರ ಶ್ರಮದಿಂದ ಆ ಸಂಖ್ಯೆ ಇನ್ನೂರೈವತ್ತಕ್ಕೆ ಏರಿತು.

ಸಂಸ್ಥೆಯನ್ನು ಸ್ಥಾಪಿಸುವುದು ಒಂದು ಬಗೆಯ ತ್ಯಾಗ. ಅದು ತನ್ನದೆಂಬ ಹಟವಿಲ್ಲದೆ ಇತರರ ಕೈಗೆ ಒಪ್ಪಿಸುವುದು ಇನ್ನೊಂದು ಬಗೆಯದು. ಬಿ.ಎಲ್.ಡಿ.ಇ.ಯ ಹೊಣೆ ಮುಂದೆ ಬಂಥನಾಳದ ಸಂಗನಬಸವ ಶಿವಯೋಗಿಗಳ ಹೆಗಲಿಗೇರಿತು. ಅವರು ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿ ದೇಣಿಗೆ ಕೂಡಿಸಿದರು. 1945ರಲ್ಲಿ ವಿಜಾಪುರದಲ್ಲಿ ವಿಜಯ ಮಹಾವಿದ್ಯಾಲಯ ಆರಂಭವಾಯಿತು. ಅದುವರೆಗೆ ಕಾಲೇಜು ಶಿಕ್ಷಣಕ್ಕಾಗಿ ಧಾರವಾಡಕ್ಕೋ ಸಾಂಗಲಿಗೋ ಹೋಗಬೇಕಾಗಿದ್ದ ಆ ಭಾಗದ ತರುಣರಿಗೆ ಅದೊಂದು ಆಸರೆಯಾಯಿತು.

1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಹಳಕಟ್ಟಿಯವರಿಗೆ ದೊರೆತಿತ್ತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. 1964ರ ಜೂನ್ 29ರಂದು, ಎಂಬತ್ತನಾಲ್ಕು ತುಂಬಲು ಮೂರು ದಿನಗಳಿರುವಾಗ, ಅವರು ಕಣ್ಮುಚ್ಚಿದರು. ಅವರು ಹುಟ್ಟುಹಾಕಿದ ಸಂಸ್ಥೆ ಜಮಖಂಡಿಯಲ್ಲಿಯೂ ಒಂದು ಮಹಾವಿದ್ಯಾಲಯವನ್ನು ತೆರೆಯಿತು. ತರುಣ ಹಳಕಟ್ಟಿಯವರು ತಾಡೋಲೆಯ ಕಟ್ಟನ್ನು ಕಂಡ ಬನಹಟ್ಟಿ ಅಲ್ಲಿಂದ ಹೆಚ್ಚು ದೂರವಿಲ್ಲ.